ಕಲೆ ಹೋದರೂ ವಾಸನೆ ಆಸಾಡಿಗೆ ಮರಳುತ್ತದೆ

ವಂಡ್ಸೆ, ಚಿತ್ತೂರು, ಹೆಮ್ಮಾಡಿ ಕಡೆಯ ಹಳೆಯ ಮನೆಗಳಲ್ಲಿ ಕಾವಿ ನೆಲ, ಅದರ ಮೇಲೊಂದು ಚಾಪೆ, ಅಷ್ಟೇ ಇತ್ತು. ಈಗ ಗಲ್ಫಿನಿಂದ ರಜೆಗೆ ಬರುವವರು ಸುತ್ತಿಕೊಂಡು ತಂದ ಕಾರ್ಪೆಟ್ ಇದೆ. ಕುಂದಾಪುರದ ಫ್ಲ್ಯಾಟಿನಲ್ಲಿ ಬಾಡಿಗೆಗಿರುವವರು ಆನ್‌ಲೈನಿನಲ್ಲಿ ತರಿಸಿದ್ದಿದೆ. ಮಾಲೀಕರೇ ಹಾಲ್‌ಗೆ ಅಂಟಿಸಿ ಕೊಟ್ಟದ್ದೂ ಇದೆ. ಇದರ ಮೇಲೆ ನಾಯಿಮರಿಯೋ ಬೆಕ್ಕೋ ಉಚ್ಚೆ ಹೊಯ್ದಾಗ ನನಗೆ ಫೋನು ಬರುತ್ತದೆ. ಸೋಫಾ, ಹಾಸಿಗೆ, ಕಾರ್ಪೆಟ್ ತೊಳೆದು ಕೊಡುವುದು ನನ್ನ ಹೊಟ್ಟೆಪಾಡು. ಬಹಳ ಫೋನುಗಳ ಶುರು ಒಂದೇ: "ಹೋಯ್, ಕಲೆ ಹೋಯ್ತ್, ವಾಸ್ನಿ ಮಾತ್ರ ಹೋಯ್ಲಿಲ್ಲ ಕಾಣಿ."

1. ಹಸಿ ಇರುವಾಗ ಒತ್ತಿ, ಉಜ್ಜಬೇಡಿ. ಹಳೆಯ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಉಚ್ಚೆಯ ಮೇಲಿಟ್ಟು ಅದರ ಮೇಲೆ ನಿಂತುಬಿಡಿ. ಬೈರಾಸು ಒದ್ದೆಯಾದರೆ ಇನ್ನೊಂದು. ಉಜ್ಜಿದರೆ ಎಳೆ ಕೆದರುತ್ತದೆ, ಉಚ್ಚೆ ಬುಡಕ್ಕೆ ಇಳಿಯುತ್ತದೆ, ಅಂಗೈಯಗಲದ ಕಲೆ ಮೊರದಗಲವಾಗುತ್ತದೆ. ಆಮೇಲೆ ಸ್ವಲ್ಪ ತಣ್ಣೀರು ಹಾಕಿ ಮತ್ತೆ ಒತ್ತಿ. ಬಿಸಿನೀರು ಬೇಡ, ಸ್ಟೀಮ್ ಯಂತ್ರವಂತೂ ಬೇಡವೇ ಬೇಡ. ಶಾಖಕ್ಕೆ ವಾಸನೆಯೂ ಕಲೆಯೂ ಎಳೆಗೆ ಕಚ್ಚಿಕೊಳ್ಳುತ್ತವೆ. ಮೊದಲ ಹತ್ತು ನಿಮಿಷದಲ್ಲಿ ನೀವು ಬೈರಾಸಿನಿಂದ ತೆಗೆಯುವಷ್ಟನ್ನು ಆಮೇಲೆ ನಾನು ಯಂತ್ರ ತಂದರೂ ತೆಗೆಯಲಾರೆ.

2. ಏಪ್ರಿಲ್‌ನಲ್ಲಿ ಹೋದ ವಾಸನೆಯನ್ನು ನಂಬಬೇಡಿ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಗಾಳಿಗೆ ಹೋಗಿಬಿಡುತ್ತದೆ, ಯೂರಿಯಾ ನೀರಿಗೂ ಕರಗುತ್ತದೆ. ಹೋಗದೆ ಉಳಿಯುವುದು ಯೂರಿಕ್ ಆಮ್ಲದ ಲವಣ. ಅದು ನೀರಿಗೆ ಸುಲಭದಲ್ಲಿ ಕರಗದೆ ಹರಳಾಗಿ ಎಳೆಯ ಬುಡದಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಅದರ ಸುದ್ದಿಯೇ ಇಲ್ಲ. ಗಾಳಿಯಲ್ಲಿ ತೇವ ಏರಿದ ಕೂಡಲೇ ಮತ್ತೆ ನಾರುತ್ತದೆ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನವರು ಹೇಳಿಕೊಟ್ಟ ಉಪಾಯ ಇಲ್ಲಿ ಅರ್ಧಕ್ಕೇ ನಿಲ್ಲುವುದು ಇದೇ ಕಾರಣಕ್ಕೆ. ಅಲ್ಲಿ ಒಣಗಿದ್ದು ಒಣಗಿಯೇ ಇರುತ್ತದೆ. ಇಲ್ಲಿ ಆಸಾಡಿಯಲ್ಲಿ ಗೋಡೆಯೇ ಬೆವರುತ್ತದೆ.

ಬೆಕ್ಕಿನದು ಇನ್ನೂ ಒಂದು ಕೈ ಮೇಲೆ. ಅದರ ಉಚ್ಚೆಯಲ್ಲಿ ಫೆಲಿನೈನ್ ಎಂಬ ಗಂಧಕ ಸೇರಿದ ಅಮೈನೋ ಆಮ್ಲ ಇದೆ, ಬೀಜ ಒಡೆಸದ ಗಂಡು ಬೆಕ್ಕಿನಲ್ಲಿ ಜಾಸ್ತಿ. ಅದನ್ನು ತಯಾರಿಸುವುದರಲ್ಲಿ ಕಾಕ್ಸಿನ್ ಎಂಬ ಪ್ರೋಟೀನಿನ ಕೈವಾಡ ಇದೆಯೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು. ಫೆಲಿನೈನ್ ನಿಧಾನವಾಗಿ ಒಡೆಯುತ್ತಾ ಹೋದಂತೆ ವಾಸನೆ ಏರುತ್ತದೆ. ಮೊದಲ ದಿನ ಇಲ್ಲದ ನಾತ ನಾಲ್ಕನೇ ದಿನ ಬಂತೆಂದು ಬೆಕ್ಕಿಗೆ ಬೈಯಬೇಡಿ, ಅದು ಎರಡನೇ ಸಲ ಹೊಯ್ದಿರಲಿಕ್ಕಿಲ್ಲ.

3. ಕಲೆ ಎಲ್ಲಿದೆಯೆಂದು ಕತ್ತಲಲ್ಲಿ ಹುಡುಕಿ. ಯು.ವಿ. ಟಾರ್ಚ್ ಅಗ್ಗಕ್ಕೆ ಸಿಗುತ್ತದೆ. ರಾತ್ರಿ ದೀಪ ಆರಿಸಿ ಅದರ ಬೆಳಕು ಹಾಯಿಸಿದರೆ ಒಣಗಿದ ಉಚ್ಚೆ ಹಳದಿ-ಹಸಿರಾಗಿ ಮಿನುಗುತ್ತದೆ. ಸೋಪಿನ ಪುಡಿಯೂ ಮಿನುಗುವುದರಿಂದ ಕೊನೆಯ ಸಾಕ್ಷಿ ಮೂಗೇ. ಕಾರ್ಪೆಟ್ಟಿನ ಮೂಲೆ ಎತ್ತಿ ಹಿಂಬದಿಯನ್ನೂ ಮೂಸಿ. ಮೇಲೆ ರೂಪಾಯಿಯಷ್ಟು ಕಂಡರೆ ಅಡಿಯ ಫೋಮಿನಲ್ಲಿ ತಟ್ಟೆಯಷ್ಟು ಹರಡಿರುತ್ತದೆ. ಮೇಲಷ್ಟೇ ತೊಳೆದವರು ಮತ್ತೆ ಫೋನು ಮಾಡಿಯೇ ಮಾಡುತ್ತಾರೆ.

4. ಒಂದು ದಾರಿ ಹಿಡಿಯಿರಿ, ಎಲ್ಲವನ್ನೂ ಸುರಿಯಬೇಡಿ. ಜನ ವಿನೆಗರ್, ಸೋಡಾಪುಡಿ, ಡೆಟಾಲ್, ಶಾಂಪೂ ಎಲ್ಲ ಹಾಕಿ ಮುಗಿದ ಮೇಲೆ ನನ್ನನ್ನು ಕರೆಯುತ್ತಾರೆ. ವಿನೆಗರ್ ಮತ್ತು ಸೋಡಾಪುಡಿ ಒಟ್ಟಿಗೆ ಹಾಕಿದಾಗ ಬುರುಬುರು ನೊರೆ ಬರುವುದು ನೋಡಲು ಚಂದ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ತಿಂದು ಕೊನೆಗೆ ಉಪ್ಪುನೀರಿನಂಥದ್ದೇ ಉಳಿಯುತ್ತದೆ. ಮೊದಲು ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಾಕಿ, ಒತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಸೋಡಾಪುಡಿ ಉದುರಿಸಿ, ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ. ಹೊಸ ಕಲೆಗೆ ಇದು ಸಾಕು.

ಹಳೆಯದಕ್ಕೆ ಎನ್‌ಜೈಮ್ ದ್ರಾವಣವೇ ಆಗಬೇಕು. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಯೂರಿಕ್ ಆಮ್ಲದ ಆ ಹರಳನ್ನು ಒಡೆಯುವುದು ಅದರ ಕೆಲಸ, ಅದು ಅವಸರಕ್ಕೆ ಆಗುವುದಲ್ಲ. ಉಚ್ಚೆ ಇಳಿದಷ್ಟೇ ಆಳಕ್ಕೆ ಅದೂ ಇಳಿಯಬೇಕು, ಬಾಟಲಿಯಲ್ಲಿ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಅದೇ ಜಾಗಕ್ಕೆ ಮೊದಲು ಫಿನಾಯಿಲ್ ಹಾಕಿದ್ದರೆ ಎನ್‌ಜೈಮಿಗೆ ಕೊಟ್ಟ ದುಡ್ಡು ದಂಡ. ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಕೊಳೆಸಿ ಮನೆಯಲ್ಲೇ ಮಾಡುವ ಬಯೋ ಎನ್‌ಜೈಮ್ ಇದಲ್ಲ. ಅದು ಹೆಚ್ಚೂಕಡಿಮೆ ಹುಳಿನೀರು. ಟೈಲ್ಸ್ ಒರೆಸಲು ಅಡ್ಡಿಯಿಲ್ಲ. ಕಾರ್ಪೆಟ್ಟಿಗೆ ಹಾಕಿದರೆ ಅದರ ಬಣ್ಣವೂ ಅಂಟಿಕೊಳ್ಳುತ್ತದೆ, ಬೆಲ್ಲಕ್ಕೆ ಇರುವೆಯೂ ಬರುತ್ತದೆ.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ತಿಳಿ ಬಣ್ಣದ ಸಿಂಥೆಟಿಕ್ ಕಾರ್ಪೆಟ್ಟಿಗೆ ಒಳ್ಳೆಯ ಮದ್ದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 6 ಪರ್ಸೆಂಟಿನದು, ಅಷ್ಟೇ ನೀರು ಸೇರಿಸಿ 3 ಮಾಡಿಕೊಳ್ಳಿ. ಸೋಫಾದ ಅಡಿ ಹೋಗುವ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಉಣ್ಣೆ, ರೇಷ್ಮೆ, ಸೆಣಬು ಇದ್ದರೆ ಮುಟ್ಟಿಸಬೇಡಿ. ಮಿಕ್ಕಿದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಚೆಲ್ಲಿ.

5. ಕಪ್ಪು ಫಿನಾಯಿಲ್, ಬ್ಲೀಚ್, ಬಾತ್‌ರೂಮ್ ಆಸಿಡ್ ಮೂರೂ ಹೊರಗಿರಲಿ. ಬ್ಲೀಚು ಉಚ್ಚೆಯ ಅಮೋನಿಯಾಕ್ಕೆ ಸೇರಿದರೆ ಕ್ಲೋರಮೈನ್ ಅನಿಲ ಏಳುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಎದೆ ಹಿಡಿಸುತ್ತದೆ. ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಕರಗಿಸಲಾರದು. ಬೆಕ್ಕು ಅದನ್ನು ತುಳಿದು ಪಾದ ನೆಕ್ಕಿದರೆ ವಿಷ. ಇನ್ನು ಆಸಿಡ್. ಹಳೆಯ ಮನೆಯ ಕಾವಿ ನೆಲಕ್ಕೆ ಅದು ಒಂದು ಹನಿ ಬಿದ್ದರೂ ಬಿಳಿ ಚುಕ್ಕಿ ಏಳುತ್ತದೆ. ವಿನೆಗರ್ ಕೂಡ ನಿಂತರೆ ಕಾವಿಯ ಹೊಳಪನ್ನೂ ಮಾರ್ಬಲಿನ ಹೊಳಪನ್ನೂ ತಿನ್ನುತ್ತದೆ. ಕಾರ್ಪೆಟ್ ಉಳಿಸಲು ಹೋಗಿ ನೆಲ ಕೆಡಿಸಿದರೆ ಮಾಲೀಕರಿಗೆ ಎರಡು ಲೆಕ್ಕ ಒಪ್ಪಿಸಬೇಕು.

6. ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ನನ್ನ ಕಸುಬಿನಲ್ಲಿ ನಾನು ಹಠ ಹಿಡಿಯುವುದು ಈ ಒಂದು ವಿಷಯಕ್ಕೆ. ಗಿರಾಕಿಗೆ ಸಿಟ್ಟು ಬಂದರೂ ಜುಲೈಯಲ್ಲಿ ಇಡೀ ಕಾರ್ಪೆಟ್ ನೆನೆಸಿ ತೊಳೆಯುವುದಿಲ್ಲ. ಕಲೆಯಾದ ಜಾಗಕ್ಕಷ್ಟೇ ಮದ್ದು ಮಾಡಿ, ದೀಪಾವಳಿ ಕಳೆಯಲಿ ಅನ್ನುತ್ತೇನೆ. ಬಯಲುಗಾಳಿ ಶುರುವಾಗಿ, ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಯ ಹೊತ್ತಿಗೆ ಹೆಮ್ಮಾಡಿಯ ಸೇವಂತಿಗೆ ಅರಳುವ ತನಕದ ಒಣಹವೆ ಇದೆಯಲ್ಲ, ಅದು ಈ ಕೆಲಸಕ್ಕೆಂದೇ ಇದ್ದ ಹಾಗೆ ಇರುತ್ತದೆ. ಮಳೆಗಾಲದಲ್ಲಿ ತೊಳೆದದ್ದಕ್ಕೆ ಮೂರನೇ ದಿನ ಅಡಿಯಿಂದ ಬೂಸ್ಟು ಹತ್ತುತ್ತದೆ. ಉಚ್ಚೆಯ ವಾಸನೆಗಿಂತ ಬೂಸ್ಟಿನ ವಾಸನೆ ತೆಗೆಯುವುದು ಕಷ್ಟ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಕಾರ್ಪೆಟ್ಟನ್ನು ನೆಲದಲ್ಲಿ ಹಾಸಿ ಫ್ಯಾನ್ ಹಾಕುವುದರಿಂದ ಪ್ರಯೋಜನವಿಲ್ಲ. ಎರಡು ಕುರ್ಚಿಯ ಬೆನ್ನಿನ ಮೇಲೆ ಎತ್ತಿ ಹಾಕಿ, ಟೇಬಲ್ ಫ್ಯಾನನ್ನು ಅಡಿಯಿಂದ ಬಿಡಿ. ಎ.ಸಿ. ಇರುವ ಫ್ಲ್ಯಾಟಾದರೆ ಡ್ರೈ ಮೋಡಿಗೆ ಹಾಕಿ ಬಾಗಿಲು ಮುಚ್ಚಿ. ಹಳ್ಳಿಮನೆಗಳಲ್ಲಿ ಬಟ್ಟೆ ಒಣಗಿಸುವ ಹಾಗೆ ಬಚ್ಚಲೊಲೆಯ ಮೇಲೆ ಹಾಕುವವರಿದ್ದಾರೆ. ಸಿಂಥೆಟಿಕ್ ಎಳೆ ಕಿಡಿಗೆ ಕರಗುತ್ತದೆ, ಹೊಗೆ ಹಿಡಿಯುತ್ತದೆ, ಆಮೇಲೆ ಹಾಲ್ ತುಂಬ ಬಚ್ಚಲ ವಾಸನೆ. ಮುರಕಲ್ಲಿನ ಗೋಡೆಗೆ ತಾಗಿಸಿ ಒದ್ದೆ ಕಾರ್ಪೆಟ್ ಒರಗಿಸಬೇಡಿ, ಗೋಡೆಯೂ ಕುಡಿಯುತ್ತದೆ.

7. ಅಲ್ಲೇ ಮತ್ತೆ ಹೊಯ್ದರೆ ಪ್ರಾಣಿಯನ್ನೂ ನೋಡಬೇಕು. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರುವುದಿಲ್ಲ. ಅದಕ್ಕೆ ಅದು ಇನ್ನೂ ಶೌಚದ ಜಾಗವೇ. ಗೋಡೆಗೆ, ಪರದೆಗೆ ಬಾಲ ಎತ್ತಿ ಚಿಮುಕಿಸುವುದು ಗಂಡು ಬೆಕ್ಕು ಗಡಿ ಗುರುತಿಸುವ ರೀತಿ. ಬೀಜ ಒಡೆಸಿದರೆ ಹೆಚ್ಚಿನವು ಬಿಡುತ್ತವೆ. ಆದರೆ ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರುಗಾಲಲ್ಲಿ ಕೂತು, ಕೂಗಿ, ಹನಿಯೂ ಬರದಿದ್ದರೆ ಕಾರ್ಪೆಟ್ ಆಮೇಲಾಯಿತು, ಆ ಗಳಿಗೆಯೇ ಪಶು ಆಸ್ಪತ್ರೆಗೆ ಒಯ್ಯಿರಿ. ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು.

8. ಗ್ಲೌಸ್ ಹಾಕಿಕೊಳ್ಳಿ. ಕರಾವಳಿಯ ಮಳೆಗಾಲಕ್ಕೆ ಇಲಿಜ್ವರ ಹೊಸದಲ್ಲ, ಸೋಂಕಿದ ನಾಯಿಯ ಮೂತ್ರದಿಂದಲೂ ಅದು ಬರುತ್ತದೆ. ಕೈಯಲ್ಲಿ ಗಾಯ ಇದ್ದರೆ ಬೇರೆಯವರ ಕೈಯಲ್ಲಿ ಮಾಡಿಸಿ.

9. ಮಾಲೀಕರಿಗೆ ಮೊದಲೇ ಹೇಳಿ. ಬಾಡಿಗೆ ಮನೆಗೆ ಹೋಗುವ ದಿನವೇ ಕಾರ್ಪೆಟ್ಟಿನ ಫೋಟೋ ತೆಗೆದು ಅವರಿಗೆ ವಾಟ್ಸ್ಆ್ಯಪ್ ಮಾಡಿ. ಹಿಂದಿನ ಬಾಡಿಗೆದಾರರ ನಾಯಿಯ ಉಚ್ಚೆಗೆ ಈಗಿನವರು ದಂಡ ಕಟ್ಟಿದ್ದನ್ನು ಕಂಡಿದ್ದೇನೆ. ಮಳೆ ಶುರುವಾದಾಗ ನಾತ ಎದ್ದಿತು, ಹೊಯ್ದದ್ದು ಯಾರ ಪ್ರಾಣಿ ಎಂದು ತೋರಿಸುವ ದಾಖಲೆ ಇರಲಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಅಡ್ವಾನ್ಸ್ ಬೇಡ ಎನ್ನುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಫ್ಲ್ಯಾಟಿನ ಸಂಘ ಸಾಕುಪ್ರಾಣಿ ಬೇಡ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ, ಸರಿ. ಕೆಟ್ಟ ಕಾರ್ಪೆಟ್ಟಿಗೆ ಅದು ಉತ್ತರವಲ್ಲ. ತೊಳೆಯುವ ಖರ್ಚು ಯಾರದೆಂದು ಕರಾರಿನಲ್ಲಿ ಒಂದು ಸಾಲು ಬರೆಸಿಕೊಂಡರೆ ಇಬ್ಬರಿಗೂ ಸುಖ.

10. ಕೆಲವನ್ನು ಬಿಡಬೇಕು. ಅಡಿಯ ಫೋಮ್ ಕುಡಿದಿದ್ದರೆ ಅದನ್ನು ತೊಳೆಯಲು ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಆ ತುಂಡು ಕತ್ತರಿಸಿ ತೆಗೆದು, ನೆಲ ತೊಳೆದು ಒಣಗಿಸಿ, ಹೊಸ ತುಂಡು ಕೂರಿಸುವುದೇ ಅಗ್ಗ. ಕಾರ್ಪೆಟ್ಟೇ ಬಿಸಾಡುವುದಾದರೆ ರಾತ್ರಿ ಹೋಗಿ ಚಕ್ರಾ ಹೊಳೆಯ ಬದಿಗೆ ಎಸೆಯಬೇಡಿ, ಅಂಗಳದಲ್ಲಿ ಸುಡಲೂಬೇಡಿ. ವಂಡ್ಸೆ ಪಂಚಾಯ್ತಿಗೆ ಕಸ ನಿರ್ವಹಣೆಯ ಎಸ್‌ಎಲ್‌ಆರ್‌ಎಂ ಘಟಕ ಇದೆ. ಒಣಗಿಸಿ, ಸುತ್ತಿ ಕಟ್ಟಿ, ತೆಗೆದುಕೊಳ್ಳುತ್ತಾರೋ ಎಂದು ಮೊದಲು ಫೋನು ಮಾಡಿ ಕೇಳಿ.