ವಾರಂಟಿ ಕೇಳಿ ಪಡೆಯಿರಿ: ಹೊಸ ಕಾರು ಕೊಳ್ಳುವ ದಾಂಡೇಲಿಯ ಬಂಗೂರನಗರದವರಿಗೆ ಹತ್ತು ಸೂತ್ರಗಳು

ಹೊಸ ಕಾರಿನ ನೋಂದಣಿ 15 ವರ್ಷದ್ದು. ಬ್ಯಾಂಕಿನ ಕಂತು ಸಾಮಾನ್ಯವಾಗಿ 5ರಿಂದ 7 ವರ್ಷ. ಕಂಪನಿಯ ವಾರಂಟಿ ಮಾತ್ರ ಹೆಚ್ಚಿನ ಕಾರುಗಳಿಗೆ ಮೂರೇ ವರ್ಷ. ಸಾಲ ತೀರುವ ಎಷ್ಟೋ ಮೊದಲೇ ಕಂಪನಿಯ ಹೊಣೆ ತೀರಿರುತ್ತದೆ. ಮಾರುತಿ ಸುಜುಕಿಯಂತೂ 2024ರ ಜುಲೈವರೆಗೆ 2 ವರ್ಷ ಅಥವಾ 40 ಸಾವಿರ ಕಿ.ಮೀ. ಮಾತ್ರ ಕೊಡುತ್ತಿತ್ತು, ಆಮೇಲಷ್ಟೇ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಯುರೋಪಿನ ಗ್ರಾಹಕರಿಗೆ 7 ವರ್ಷ ಕೊಡುವ ಕಿಯಾ ನಮ್ಮಲ್ಲಿ ಮೂಲ ವಾರಂಟಿಯಾಗಿ ಕೊಡುವುದು 3 ವರ್ಷ. ಇದು ಸಾಲದು ಎಂದು ನಾವು ಗಟ್ಟಿಯಾಗಿಯೇ ಹೇಳಬೇಕು.

ಅದಕ್ಕಿಂತ ಮೊದಲು, ಇರುವ ಮೂರು ವರ್ಷವಾದರೂ ಪೂರ್ತಿ ದಕ್ಕಬೇಕು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರು ದೊಡ್ಡ ಕೆಲಸ ಬಂದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಗಾಡಿ ಒಯ್ಯಬೇಕು. ಒಂದು ದಿನದ ಸಂಬಳ, ಡೀಸೆಲ್ ಎರಡೂ ಹೋಗುತ್ತವೆ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳದಿರಲು ಈ ಸೂತ್ರಗಳನ್ನು ಪಾಲಿಸಿ.

1. ಬುಕ್ ಮಾಡುವ ಮೊದಲೇ ವಾರಂಟಿ ಪುಸ್ತಿಕೆ ಕೇಳಿ ಓದಿ.
ಬಣ್ಣ, ಸೀಟು, ಟಚ್‌ಸ್ಕ್ರೀನ್ ನೋಡಿದ ಮೇಲೆ ಹತ್ತು ನಿಮಿಷ ಪುಸ್ತಿಕೆಗೆ ಕೊಡಿ. ‘ಯಾವುದಕ್ಕೆ ಅನ್ವಯಿಸುವುದಿಲ್ಲ’ ಎಂಬ ಪಟ್ಟಿಯನ್ನೇ ಮೊದಲು ಓದಿ. ಟೈರು, ಬ್ಯಾಟರಿಗಳ ವಾರಂಟಿ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದವರದ್ದು, ಕಾರು ಕಂಪನಿಯದ್ದಲ್ಲ. ಶೋರೂಮಿನಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಕೊಟೇಶನ್ ಮೇಲೆ ಬರೆಸಿ, ಸಹಿ ಹಾಕಿಸಿ.

2. ವರ್ಷದ ಜೊತೆ ಕಿಲೋಮೀಟರಿನ ಲೆಕ್ಕವನ್ನೂ ಹಾಕಿ.
‘3 ವರ್ಷ ಅಥವಾ 1 ಲಕ್ಷ ಕಿ.ಮೀ.’ ಎಂದರೆ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ದಾಂಡೇಲಿಯಿಂದ ಹುಬ್ಬಳ್ಳಿಗೆ ಹೋಗಿಬರಲು ಸುಮಾರು 150 ಕಿ.ಮೀ. ತಿಂಗಳಿಗೆ 25 ದಿನ ಹೀಗೆ ಓಡಿಸುವವರಿಗೆ ಎರಡೂಕಾಲು ವರ್ಷದಲ್ಲೇ ಲಕ್ಷ ದಾಟುತ್ತದೆ. ಹೆಚ್ಚು ಓಡಿಸುವವರು ಕಿ.ಮೀ. ಮಿತಿ ಇಲ್ಲದ ವಾರಂಟಿ ಇರುವ ಕಾರು ನೋಡಿ, ಇಲ್ಲವೇ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಿ. ಅದನ್ನು ಕೊಳ್ಳುವಾಗ ಕೊಡುವವರು ಕಂಪನಿಯವರೋ, ಡೀಲರೋ, ಬೇರೆ ಏಜೆನ್ಸಿಯೋ ಎಂದು ಕೇಳಿ ತಿಳಿದುಕೊಳ್ಳಿ. ಕಂಪನಿಯದ್ದಾದರೆ ಯಾವ ಊರಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ಕೇಳುವುದು ಸುಲಭ.

3. ನೋಂದಣಿಗೆ ಮೊದಲು ತಯಾರಾದ ವರ್ಷ ಪರಿಶೀಲಿಸಿ.
ನಮ್ಮ ಜೋಯಿಡಾಕ್ಕೆ ಅಂಟಿಕೊಂಡಿರುವ ಗೋವಾದಲ್ಲೇ ಇದಕ್ಕೆ ದೊಡ್ಡ ಪಾಠ ಸಿಕ್ಕಿದೆ. ಗ್ರಾಹಕರೊಬ್ಬರು 2011ರ ಮಾದರಿಗೆ ಹಣ ಕೊಟ್ಟರೆ ಡೀಲರ್ ಕೊಟ್ಟದ್ದು 2009ರ ಗಾಡಿ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2021ರಲ್ಲಿ ತೀರ್ಪು ಬಂತು. ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂಬುದಕ್ಕೆ ಪುರಾವೆ ಇಲ್ಲವೆಂದು ಆ ಗಾಡಿ ತಯಾರಿಸಿದ ಟಾಟಾ ಮೋಟಾರ್ಸ್ ಹೊಣೆಯಿಂದ ಪಾರಾಯಿತು. ಆದ್ದರಿಂದ ಚಾಸಿ ನಂಬರ್, ಓಡೋಮೀಟರ್, ಮಾರಾಟ ಪತ್ರದಲ್ಲಿರುವ ತಯಾರಿಕೆಯ ವರ್ಷ ಮೂರನ್ನೂ ಹಗಲು ಬೆಳಕಿನಲ್ಲಿ ತಾಳೆ ನೋಡಿ, ಫೋಟೋ ತೆಗೆದುಕೊಳ್ಳಿ.

4. ಮಳೆಗಾಲದ ಹಾನಿಗೆ ವಾರಂಟಿ ನಂಬಬೇಡಿ.
ನಮ್ಮ ಕಾಡು, ಘಟ್ಟ, ಮಳೆ ಗಾಡಿಯನ್ನು ಬೇಗ ಸವೆಸುತ್ತವೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ರಬ್ಬರ್ ಸವೆದರೆ ವಾರಂಟಿ ಇಲ್ಲ. ಇಲಿ ವೈರು ಕಡಿದರೂ ಇಲ್ಲ. ರಸ್ತೆ ಮೇಲೆ ಹರಿಯುವ ನೀರಿಗೆ ಗಾಡಿ ಇಳಿಸಿ ಎಂಜಿನ್ನಿಗೆ ನೀರು ಹೋದರೂ ಇಲ್ಲ. ಸಾಮಾನ್ಯ ವಿಮೆಯಲ್ಲೂ ಅದಕ್ಕೆ ತಕರಾರು ಬರುತ್ತದೆ. ವಿಮೆ ಮಾಡಿಸುವಾಗಲೇ ‘ಎಂಜಿನ್ ಪ್ರೊಟೆಕ್ಟ್’ ಸೇರಿಸಿ. ನೀರಿನಲ್ಲಿ ಬಂದ್ ಬಿದ್ದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

5. ಪ್ರವಾಸಿಗರನ್ನು ಸಾಗಿಸುವವರು ಹಳದಿ ಬೋರ್ಡನ್ನೇ ಹಾಕಿ.
ಕಾಳಿ ನದಿಯ ರ‍್ಯಾಫ್ಟಿಂಗ್, ಸಫಾರಿ ಎಂದು ಬರುವವರನ್ನು ನಂಬಿ ಎಷ್ಟೋ ಯುವಕರು ಸಾಲ ಮಾಡಿ ಗಾಡಿ ಕೊಳ್ಳುತ್ತಿದ್ದಾರೆ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆದರೆ ವಾರಂಟಿ, ವಿಮೆ ಎರಡಕ್ಕೂ ಕುತ್ತು. ಬಾಡಿಗೆ ಗಾಡಿಗೆ ಕೆಲವು ಕಂಪನಿಗಳ ಷರತ್ತೇ ಬೇರೆ, ಮೊದಲೇ ಕೇಳಿ. ಹಳದಿ ಬೋರ್ಡ್ ಇದ್ದವರು ಗ್ರಾಹಕರೇ ಅಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಗಾಡಿಗೆ ಗ್ರಾಹಕ ಕಾಯ್ದೆಯ ರಕ್ಷಣೆ ಇದೆ.

6. ಸರ್ವಿಸಿನ ದಿನಾಂಕ ತಪ್ಪಿಸಬೇಡಿ.
ಕ್ಲೇಮು ತಿರಸ್ಕರಿಸುವವರಿಗೆ ಮೊದಲು ಸಿಗುವ ನೆಪವೇ ಇದು. ಹೊರಗಿನ ಗ್ಯಾರೇಜಿಗೆ ಹೋದದ್ದು ಇನ್ನೊಂದು ನೆಪ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು, ಆ ರಿಪೇರಿಯಿಂದ ಹಾನಿಯಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಆದೇಶದಲ್ಲಿ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಹೀಗಾಗಿ ವಾರಂಟಿ ಇರುವಷ್ಟು ಕಾಲ ಅಧಿಕೃತ ಸೆಂಟರಿನಲ್ಲೇ ಸರ್ವಿಸ್ ಮಾಡಿಸುವುದು ಕ್ಷೇಮ. ಬಿಲ್ಲುಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ.

7. ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತನ್ನೇ ಬರೆಸಿ.
ಹತ್ತು ಸೂತ್ರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ‘ಜನರಲ್ ಚೆಕಪ್’ ಎಂದು ಬರೆದರೆ ನಿಮ್ಮ ದೂರು ದಾಖಲೆಯಲ್ಲೇ ಇಲ್ಲ. ‘ಅಣಶಿ ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ಲೈಟ್ ಹತ್ತುತ್ತದೆ’ ಎಂದು ಯಾವಾಗ, ಎಲ್ಲಿ, ಏನು ಎಂಬುದನ್ನೆಲ್ಲ ಬರೆಸಿ. ಮೀಟರಿನ ಲೈಟನ್ನೂ ಸದ್ದನ್ನೂ ವಿಡಿಯೋ ಮಾಡಿಟ್ಟುಕೊಳ್ಳಿ. ಅದೇ ದೋಷ ಮತ್ತೆ ಬಂದರೆ ಹಳೆಯ ಜಾಬ್ ಕಾರ್ಡ್ ನಂಬರನ್ನು ಹೊಸದರಲ್ಲಿ ನಮೂದಿಸಿ. ವಾರಂಟಿ ಮುಗಿಯುವ ಒಂದು ತಿಂಗಳು ಮೊದಲು ಗಾಡಿ ಪೂರ್ತಿ ತೋರಿಸಿ, ಸಣ್ಣ ದೋಷವನ್ನೂ ದಾಖಲಿಸಿ. ವಾರಂಟಿಯೊಳಗೆ ದಾಖಲಾದ ದೋಷ ಆಮೇಲೆ ಮರುಕಳಿಸಿದರೆ ನಿಮ್ಮ ವಾದಕ್ಕೆ ಬಲವಿರುತ್ತದೆ.

8. ‘ಆಗುವುದಿಲ್ಲ’ ಎಂದರೆ ಬರಹದಲ್ಲಿ ಕೇಳಿ.
‘ಕಂಪನಿ ಅಪ್ರೂವ್ ಮಾಡಲಿಲ್ಲ’ ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ಯಾವ ಷರತ್ತಿನ ಪ್ರಕಾರ ನಿರಾಕರಿಸಿದರು ಎಂದು ಇಮೇಲ್ ಕಳಿಸಲು ಹೇಳಿ. ಕಳಿಸದಿದ್ದರೆ ನಡೆದದ್ದನ್ನು ನೀವೇ ಬರೆದು ಡೀಲರಿಗೂ ಕಂಪನಿಗೂ ಒಟ್ಟಿಗೆ ಕಳಿಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

9. ರೀಕಾಲ್ ಸುದ್ದಿಗೆ ಕಿವಿಗೊಡಿ.
ತಯಾರಿಕೆಯ ದೋಷಕ್ಕೆ ಕಂಪನಿ ಗಾಡಿ ವಾಪಸ್ ಕರೆದರೆ ಅದರ ದುರಸ್ತಿ ಉಚಿತ, ವಾರಂಟಿ ಮುಗಿದಿದ್ದರೂ ಸರಿ. 2021ರ ಏಪ್ರಿಲ್ 1ರಿಂದ, 7 ವರ್ಷದೊಳಗಿನ ಗಾಡಿಗಳಿಗೆ ರೀಕಾಲ್ ಆದೇಶಿಸುವ ಅಧಿಕಾರ ಸರ್ಕಾರಕ್ಕೂ ಇದೆ. ಆಗಾಗ ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಿ.

10. ಕಡೆಗೆ ಗ್ರಾಹಕ ಆಯೋಗಕ್ಕೆ ಹೋಗಿ, ಹಿಂಜರಿಯಬೇಡಿ.
2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಕಾರು ಕೊಂಡ ಊರಿಗೇ ಹೋಗಬೇಕಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಜಿಲ್ಲಾ ಆಯೋಗ ಕಾರವಾರದಲ್ಲಿದೆ. ಇ-ಜಾಗೃತಿ ಪೋರ್ಟಲ್ ಮೂಲಕ ಬಂಗೂರನಗರದ ಮನೆಯಿಂದಲೇ ದೂರು ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. 5 ಲಕ್ಷದವರೆಗಿನ ಗಾಡಿಗೆ ಶುಲ್ಕವಿಲ್ಲ; 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಕೇಳುವುದನ್ನು ಸರಿಯಾಗಿ ಕೇಳಿ. ದೋಷವಿರುವ ಭಾಗ ಬದಲಿಸಿದರೆ ಸಾಕು, ಇಡೀ ಕಾರು ಬದಲಿಸಬೇಕಿಲ್ಲ ಎಂದು ಮಾರುತಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. 2010ರಲ್ಲಿ ಫಿಯೆಟ್ ಪ್ರಕರಣದಲ್ಲಿ ಸ್ವತಂತ್ರ ತಜ್ಞರ ಪರೀಕ್ಷೆಗೆ ದಾರಿ ಮಾಡಿಕೊಟ್ಟಿತು. ಆದ್ದರಿಂದ ಉಚಿತ ದುರಸ್ತಿ, ಅಲೆದಾಟಕ್ಕೆ ಪರಿಹಾರ, ತಜ್ಞರಿಂದ ತಪಾಸಣೆ ಈ ಮೂರನ್ನೂ ಕೇಳಿ. ತಯಾರಿಕೆಯಲ್ಲೇ ದೋಷವಿದೆ ಎಂದು ತಜ್ಞರು ಹೇಳಿದರೆ ಹೊಸ ಗಾಡಿ ಅಥವಾ ಹಣ ವಾಪಸ್ ಎಂಬ ಬೇಡಿಕೆಗೆ ಆಧಾರ ಸಿಗುತ್ತದೆ.

ವಾರಂಟಿಗೆ ನೀವು ಕಾರಿನ ಬೆಲೆಯಲ್ಲೇ ಹಣ ಕೊಟ್ಟಿದ್ದೀರಿ. ಅದು ಯಾರ ಉಪಕಾರವೂ ಅಲ್ಲ. ಈಗಿನ ಅವಧಿ ಕಡಿಮೆ, ಕನಿಷ್ಠ ಐದು ವರ್ಷವಾಗಲೇಬೇಕು. ಅದಕ್ಕಾಗಿ ಕಂಪನಿಗಳಿಗೆ ಬರೆಯಿರಿ. ಇಂದೇ ನಿಮ್ಮ ವಾರಂಟಿ ಪುಸ್ತಿಕೆ ಹುಡುಕಿ ತೆಗೆದು, ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.