ಮಾಹಿತಿ ಸಾಕ್ಷರತೆ

ಅಕ್ಷರವನ್ನು ಬಲ್ಲವನು ಸಾಕ್ಷರ. ಆದರೆ ಓದುಬರಹ ಚೆನ್ನಾಗಿ ಬಲ್ಲವನೂ ಲಕ್ಷ ಗ್ರಂಥಗಳಿರುವ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಹೊಕ್ಕು, ತನಗೆ ಬೇಕಾದ ಒಂದು ಸಂಗತಿಯನ್ನು ಕಾಣಲಾರದೆ ಬರಿಗೈಯಲ್ಲಿ ಹಿಂದಿರುಗುವುದುಂಟು. ಅವನಲ್ಲಿ ಇಲ್ಲದಿರುವುದು ಯಾವುದು?

1974ರಲ್ಲಿ ಪಾಲ್ ಝುರ್ಕೋವ್‌ಸ್ಕಿ ಎಂಬವರು ಅಮೆರಿಕದ ಗ್ರಂಥಾಲಯ ಆಯೋಗಕ್ಕೆ ಸಲ್ಲಿಸಿದ ವರದಿಯಲ್ಲಿ ಅದನ್ನು ‘ಮಾಹಿತಿ ಸಾಕ್ಷರತೆ’ ಎಂದು ಕರೆದರು. ಅವರ ದೃಷ್ಟಿ ಹೆಚ್ಚಾಗಿ ಉದ್ಯೋಗದ ಕಡೆಗಿತ್ತು. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮಿತಿಯೊಂದು ಅದರ ಲಕ್ಷಣವನ್ನು ವಿಶದಗೊಳಿಸಿತು. ಮಾಹಿತಿಯ ಅಗತ್ಯವನ್ನು ಅರಿಯುವುದು, ಅದನ್ನು ಹುಡುಕುವುದು, ದೊರೆತುದನ್ನು ತೂಗಿ ನೋಡುವುದು, ತಕ್ಕಂತೆ ಬಳಸುವುದು ಇವೆಲ್ಲವೂ ಅದರಲ್ಲಿ ಅಡಕವಾಗಿವೆ.

ಇದನ್ನು ಹೋಲುವ ಬೇರೆ ಮಾತುಗಳೂ ಇವೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಎರವಲು ಪಡೆಯುವ ಬಗೆ ಹೇಗೆ ಎಂದು ತೋರಿಸುವುದು ‘ಗ್ರಂಥಾಲಯ ಪರಿಚಯ’. ಗ್ರಂಥಸೂಚಿಯನ್ನೂ ವಿಷಯಸೂಚಿಯನ್ನೂ ಬಳಸಲು ಕಲಿಸುವುದು ‘ಗ್ರಂಥಾಲಯ ಬೋಧನೆ’. ಯಂತ್ರವನ್ನು ನಡೆಸಬಲ್ಲುದು ‘ಕಂಪ್ಯೂಟರ್ ಸಾಕ್ಷರತೆ’. ಇವು ದಾರಿಯನ್ನು ತೋರಿಸುತ್ತವೆ. ದೊರೆತುದು ನಿಜವೇ ಎಂಬುದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಎಸ್.ಆರ್. ರಂಗನಾಥನ್ ಅವರು 1931ರಷ್ಟು ಹಿಂದೆಯೇ ತಮ್ಮ ಪಂಚಸೂತ್ರಗಳಲ್ಲಿ ಓದುಗನ ಕಾಲವನ್ನು ಉಳಿಸುವುದನ್ನು ಗ್ರಂಥಾಲಯದ ಕರ್ತವ್ಯವೆಂದು ಸಾರಿದ್ದರು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕಾಲವನ್ನು ಉಳಿಸಲು ಇಂದು ಕೈಯಲ್ಲಿ ಫೋನು ಇದೆ. ಕ್ಷಣಮಾತ್ರದಲ್ಲಿ ನೂರು ಉತ್ತರಗಳು ಬಂದು ನಿಲ್ಲುತ್ತವೆ. ಹುಡುಕುವ ಶ್ರಮ ತಗ್ಗಿದಷ್ಟೂ ತೂಗುವ ಶ್ರಮ ಹೆಚ್ಚಿದೆ.

ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ನಮ್ಮ ರಾಜ್ಯದ ಉದಯವನ್ನು ಕುರಿತು ಪ್ರಬಂಧ ಬರೆಯುತ್ತಿರುವಳೆಂದು ಭಾವಿಸೋಣ. ಒಂದು ಬರಹ 1956 ಎನ್ನುತ್ತದೆ, ಇನ್ನೊಂದು 1973 ಎನ್ನುತ್ತದೆ. ಮೊದಲು ಕಣ್ಣಿಗೆ ಬಿದ್ದುದನ್ನು ಅವಳು ನಕಲು ಮಾಡಿದರೆ, ಅದರಲ್ಲಿ ತಪ್ಪಿದ್ದಲ್ಲಿ ಆ ತಪ್ಪು ಅವಳ ಪ್ರಬಂಧವನ್ನು ಓದಿದವರಿಗೂ ಹರಡುತ್ತದೆ. ಆದುದರಿಂದ ಅವಳು ಗ್ರಂಥಪಾಲಕರನ್ನು ಕೇಳಿ, 1960ರ ದಶಕದಲ್ಲಿ ಅಚ್ಚಾದ ಜಿಲ್ಲಾ ಗ್ಯಾಸೆಟಿಯರ್ ಒಂದನ್ನು ತರಿಸಿಕೊಳ್ಳುತ್ತಾಳೆ. ಅದರ ಮುಖಪುಟದಲ್ಲಿರುವುದು ‘ಮೈಸೂರು ರಾಜ್ಯ’ ಎಂಬ ಹೆಸರು! ತೊಡಕು ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ಕನ್ನಡ ನಾಡಿನ ಭಾಗಗಳು ಒಂದಾದುದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಎರಡನೆಯ ಬರಹವು ನಾಮಕರಣವನ್ನೇ ಜನನವೆಂದು ತಿಳಿದಿತ್ತು. ಅವಳು ಎರಡು ವರ್ಷಗಳನ್ನೂ ಬರೆದು, ಯಾವುದು ಯಾವುದರದೆಂದು ವಿವರಿಸಿ, ತಾನು ನೋಡಿದ ಗ್ರಂಥಗಳ ಹೆಸರುಗಳನ್ನು ಪ್ರಬಂಧದ ಕೆಳಗೆ ನಮೂದಿಸುತ್ತಾಳೆ.