ಕೃಷಿ ಮೇಳಕ್ಕೆ ಹೋಗುವ ಮುನ್ನ

ಅಮೃತಹಳ್ಳಿಯ ನಮಗೆ ಜಿಕೆವಿಕೆ ದೂರವೇನಲ್ಲ. ಅಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ಕೃಷಿ ಮೇಳ ನಡೆಯುತ್ತದೆ. ಇದರ ಬೇರು ಪಕ್ಕದ ಹೆಬ್ಬಾಳದಲ್ಲಿದೆ. ಮೈಸೂರಿನ ಆಡಳಿತ ನೋಡುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಬೇಸಾಯದ ಪ್ರಯೋಗಕ್ಕೆಂದು ಅಲ್ಲಿ 30 ಎಕರೆ ಕೊಟ್ಟರು. ಹೆಣ್ಣುಮಗಳು ಕೊಟ್ಟ ಜಾಗ, ನೋಡಿ! ಕೃಷಿ ವಿಶ್ವವಿದ್ಯಾನಿಲಯ ಆದದ್ದು 1964ರಲ್ಲಿ.

ಹೋದ ಸಲ ನಮ್ಮಲ್ಲಿ ಹೆಚ್ಚಿನವರು ಜಾತ್ರೆ ಸುತ್ತಿದಂತೆ ಸುತ್ತಿ, ಮುದ್ದೆ ಉಂಡು ಬಂದೆವು. ಒಂದು ಸಂಘದವರು ಮಾತ್ರ ಹಿಟ್ಟಿನ ಮಿಶಿನ್ ಮಳಿಗೆ ಮುಂದೆ ನಿಂತು ಬಿಡಲಿಲ್ಲ. "ಕರೆಂಟ್ ಎಷ್ಟು ಎಳೆಯುತ್ತೆ? ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ?" ಎಂದು ಕೇಳಿದರು. ಮಾರುವವನು ಇವತ್ತೇ ಮುಂಗಡ ಕೊಡಿ ಎಂದ. "ಇದು ಹದಿನೈದು ಜನರ ಉಳಿತಾಯದ ದುಡ್ಡಪ್ಪಾ, ಸಭೆಯಲ್ಲಿ ಮಾತಾಡದೆ ಕೊಡೋಕಾಗಲ್ಲ" ಎಂದು ದರಪಟ್ಟಿ ಮಾತ್ರ ತಂದರು.

ಈ ಸಲ ನಿಮ್ಮ ಪ್ರಶ್ನೆಗಳನ್ನು ಮೊದಲೇ ಬರೆದು ವಾರದ ಸಭೆಗೆ ತನ್ನಿ.